ಕರಣೆ ಅಕ್ಕ ಸಬ್ ಕಂಟ್ರಾಕ್ಟರ್ ಆದದ್ದು

"ಇಲ್ಲಿ ಸಬ್ ಕಂಟ್ರಾಕ್ಟರ್ ಯಾರ್ರೀ?"

ತೆರಿಗೆ ಆಫೀಸಿನ ಜವಾನ ಗೋಡೆಗೆ ಕಟ್ಟಿದ ಸಾರ್ವೆಯ ಕೆಳಗೆ ನಿಂತು ಮೂರು ಸಲ ಕೂಗಿದ. ಯಾರೂ ತಿರುಗಿ ನೋಡಲಿಲ್ಲ. ಅಲ್ಲಿದ್ದವರು ಎಂಟು ಜನ ಗಾರೆ ಕೆಲಸದವರು. ಒಬ್ಬರ ಕೈಯಲ್ಲಿ ಕರಣೆ, ಒಬ್ಬರ ಕೈಯಲ್ಲಿ ಸಲಿಕೆ, ಒಬ್ಬರ ತಲೆಯ ಮೇಲೆ ಬಾಂಡ್ಲಿ. ಕಂಟ್ರಾಕ್ಟರ್ ಅನ್ನುವ ಪ್ರಾಣಿಗೆ ಇಸ್ತ್ರಿ ಹಾಕಿದ ಅಂಗಿ ಇರುತ್ತದೆ. ಇಲ್ಲಿ ಎಲ್ಲರ ಅಂಗಿಯೂ ಸಿಮೆಂಟು ಕುಡಿದು ಹಲಗೆಯಾಗಿತ್ತು.

ಜವಾನ ಕೊನೆಗೆ ಚೀಟಿ ನೋಡಿ ಹೆಸರು ಓದಿದ. ಎಂಟು ಜನರಲ್ಲಿ ಏಳು ಜನ ಒಟ್ಟಿಗೆ ಕರಣೆ ಅಕ್ಕನ ಕಡೆ ತಿರುಗಿದರು.

"ಅಯ್ಯೋ, ನಮ್ಮಕ್ಕ ಕಂಟ್ರಾಕ್ಟರ್ ಆಗಿಬಿಟ್ಟಿದ್ದಾಳೆ, ನಮಗೊಂದು ಮಾತೂ ಹೇಳಿಲ್ಲ ನೋಡ್ರೋ!"

"ಕಾರು ಎಲ್ಲಿ ನಿಲ್ಲಿಸಿದ್ದೀಯ ಅಕ್ಕಾ?"

ಕರಣೆ ಅಕ್ಕನೂ ನಕ್ಕಳು. ಹನ್ನೊಂದು ವರ್ಷ ತಲೆಯ ಮೇಲೆ ಗಾರೆ ಹೊತ್ತು, ಹನ್ನೆರಡನೆಯ ವರ್ಷ ಒಬ್ಬ ಮುದುಕ ಗಾರೆಯವನ ಕೈಕಾಲು ಹಿಡಿದು ಕರಣೆ ಹಿಡಿಯಲು ಕಲಿತವಳು ಅವಳು. ಅವಳು ಗೋಡೆಗೆ ಗಾರೆ ಮೆತ್ತಿದರೆ ಮಟ್ಟಗೋಲು ಇಡುವುದೇ ಬೇಡ. ಅವಳ ಗಂಡ ಕೆಳಗೆ ಗಾರೆ ಕಲಸುತ್ತಾನೆ, ಅವಳ ಅತ್ತೆ ಗೋಡೆಗೆ ನೀರು ಹಾಕುತ್ತಾಳೆ. ಹೆಂಡತಿ ಮೇಲೆ, ಗಂಡ ಕೆಳಗೆ ಅಂತ ಆಡಿಕೊಳ್ಳುವವರಿಗೆ ಗಂಡ ಒಂದೇ ಉತ್ತರ ಕೊಡುತ್ತಿದ್ದ: "ನಾನು ಏಳನೇ ಕ್ಲಾಸು ಓದಿದೋನು ಕಣ್ರೋ." ಏಳನೇ ಕ್ಲಾಸಿಗೂ ಗಾರೆ ಕಲಸುವುದಕ್ಕೂ ಏನು ಸಂಬಂಧವೋ ದೇವರೇ ಬಲ್ಲ. ಆದರೂ ಅವನಿಗೆ ಏಳನೇ ಕ್ಲಾಸು ಅಂತಲೇ ಹೆಸರು ನಿಂತುಬಿಟ್ಟಿತ್ತು.

ಜವಾನ ಸೈನ್ ಹಾಕಿ ಅಂದ. ಅವಳು ಕೈ ಒರೆಸಿಕೊಂಡು, ನಾಲಿಗೆಯನ್ನು ಸ್ವಲ್ಪ ಹೊರಗೆ ಹಾಕಿ, ಅಕ್ಷರ ಅಕ್ಷರವಾಗಿ ಹೆಸರು ಬರೆದಳು. ಏಳನೇ ಕ್ಲಾಸು ಲಕೋಟೆ ಹರಿದು ಓದಲು ಶುರು ಮಾಡಿದ.

"ಸಬ್ ಕಂಟ್ರಾಕ್ಟರ್ ಆದ ನೀವು... ಕಟ್ಟಡದ ಗಾರೆ ಕಾಮಗಾರಿಯ ಮೇಲೆ ತಪ್ಪಾಗಿ ಮಾರಾಟ ತೆರಿಗೆ ವಿಧಿಸಿ... ಒಂದು ಲಕ್ಷ ಎಂಬತ್ತು ಸಾವಿರ ವಸೂಲಿ ಮಾಡಿದ್ದೀರಿ ಎಂದು ಕಟ್ಟಡದ ಮಾಲೀಕರು ದೂರು ಕೊಟ್ಟಿರುತ್ತಾರೆ. ಹದಿನೈದು ದಿನದೊಳಗೆ ಹಣ ಹಿಂತಿರುಗಿಸಿ, ತಿದ್ದಿದ ಬಿಲ್ಲು ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಎರಡರಷ್ಟು ದಂಡ ಮತ್ತು ಮೊಕದ್ದಮೆ."

ನಗು ನಿಂತಿತು. "ಇನ್ನೊಂದು ಸಲ ಓದ್ರೀ," ಅಂದಳು ಕರಣೆ ಅಕ್ಕ. ಅವನು ಇನ್ನೊಂದು ಸಲ ಓದಿದ. ಸಂಖ್ಯೆ ಬದಲಾಗಲಿಲ್ಲ.

ಮಧ್ಯಾಹ್ನ ಕಟ್ಟಡದ ಮಾಲೀಕರು ಬಂದರು. ಅವರು ನಿವೃತ್ತ ಮೇಷ್ಟ್ರು. ಮೂವತ್ತು ವರ್ಷ ಪಾಠ ಹೇಳಿ ಉಳಿಸಿದ ದುಡ್ಡಿನಲ್ಲಿ ಮೂರು ಅಂತಸ್ತು ಕಟ್ಟಿಸುತ್ತಿದ್ದರು. ದಿನಾ ಕೊಡೆ ಹಿಡಿದು ಬಂದು, ಗೋಡೆ ಸವರಿ, "ಚೆನ್ನಾಗಿ ಬಂದಿದೆ ಕಣಮ್ಮಾ" ಅಂದು ಹೋಗುತ್ತಿದ್ದವರು. ಆ ದಿನ ಗೋಡೆಯ ಕಡೆ ನೋಡಲಿಲ್ಲ.

"ನೋಟೀಸು ಬಂತಾ?"

"ಬಂತು ಮೇಷ್ಟ್ರೇ. ಏನು ಇದು? ನಾನು ನಿಮ್ಮ ಹತ್ರ ಒಂದು ಕಾಸು ಈಸ್ಕೊಂಡಿಲ್ಲವಲ್ಲ!"

"ಬಿಲ್ಲು ನಿಮ್ಮ ಹೆಸರಲ್ಲಿದೆ. ಸೈನು ನಿಮ್ದಿದೆ. ಬರೀ ಕೂಲಿ ಕೆಲಸಕ್ಕೆ ತೆರಿಗೆ ಹಾಕೋ ಹಾಗಿಲ್ಲ ಅಂತ ನನಗೆ ಮೊನ್ನೆ ಗೊತ್ತಾಯ್ತು. ಏನೋ ಕಷ್ಟಪಡೋ ಜನ ಅಂತ ನಂಬಿದ್ದೆ. ನನ್ನ ಗಂಟಿಗೇ ಕೈ ಹಾಕಿದ್ರಲ್ಲ... ಕಳ್ಳಿ!"

ಕಳ್ಳಿ. ಆ ಮಾತು ಖಾಲಿ ಕೋಣೆಯಲ್ಲಿ ಒಂದು ಸುತ್ತು ಹೊಡೆಯಿತು. ಬಾಂಡ್ಲಿ ಹೊತ್ತವಳು ಹೊತ್ತಲ್ಲೇ ನಿಂತಳು. ಮೇಷ್ಟ್ರು ಮೆಟ್ಟಿಲಿಳಿದು ಹೋದರು. ಕರಣೆ ಅಕ್ಕನ ಕೈಯಲ್ಲಿದ್ದ ಗಾರೆ ಗಟ್ಟಿಯಾಗತೊಡಗಿತ್ತು. ಅವಳು ಅದನ್ನು ಗೋಡೆಗೆ ಎಸೆಯಲಿಲ್ಲ, ಕೆಳಗೂ ಹಾಕಲಿಲ್ಲ. ಹಿಡಿದುಕೊಂಡೇ ನಿಂತಿದ್ದಳು.

ಈ ಸೈನಿನ ಕಥೆಯನ್ನು ಹೇಳಲೇಬೇಕು.

ಸಿಮೆಂಟು ಚರ್ಮ ತಿನ್ನುತ್ತದೆ. ಮೊದಲು ಬೆರಳ ಸಂದು ಬಿರಿಯುತ್ತದೆ, ಆಮೇಲೆ ರಕ್ತ ಬರುತ್ತದೆ, ಆಮೇಲೆ ಬರುವುದೂ ನಿಲ್ಲುತ್ತದೆ. ಇಪ್ಪತ್ತು ವರ್ಷ ಗಾರೆಯಲ್ಲಿ ಕೈಯಿಟ್ಟವರ ಹೆಬ್ಬೆಟ್ಟಿನಲ್ಲಿ ಗೆರೆ ಉಳಿಯುವುದಿಲ್ಲ. ಕರಣೆ ಅಕ್ಕ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಮಸಿಯ ಮುದ್ದೆ ಮೂಡುತ್ತಿತ್ತು. ಬ್ಯಾಂಕಿನವನು "ಇದು ಬೆರಳಾ, ಬೆಣಚು ಕಲ್ಲಾ?" ಅಂದು ವಾಪಸ್ ಕಳಿಸಿದ್ದ. ಅಂದೇ ಅವಳು ಗಂಡನಿಗೆ ಹೇಳಿದಳು: "ನನಗೆ ನನ್ನ ಹೆಸರು ಬರೆಯೋದು ಕಲಿಸ್ರೀ." ಏಳನೇ ಕ್ಲಾಸು ಹಸಿ ಗೋಡೆಯ ಮೇಲೆ ಮೊಳೆಯಿಂದ ಬರೆದು ತೋರಿಸಿದ. ಅವಳು ಅದರ ಕೆಳಗೆ ಬರೆದಳು, ಕರಣೆಯಿಂದ ಅಳಿಸಿದಳು, ಮತ್ತೆ ಬರೆದಳು. ನಲವತ್ತನೆಯ ವಯಸ್ಸಿನಲ್ಲಿ, ಒಂದು ಗೋಡೆ ಮುಗಿಯುವಷ್ಟರಲ್ಲಿ ಕಲಿತಳು.

ಕಲಿತ ಮೇಲೆ ಅವಳಿಗೆ ಸೈನ್ ಹಾಕುವುದೆಂದರೆ ಹಬ್ಬ. ಎಲ್ಲಿ ಹೇಳಿದರಲ್ಲಿ ಹಾಕುತ್ತಿದ್ದಳು. ಇದನ್ನು ಹಲ್ಲುಕಡ್ಡಿ ನೋಡಿದ್ದ.

ಹಲ್ಲುಕಡ್ಡಿ ಅಂದರೆ ಮೇಷ್ಟ್ರ ಕಟ್ಟಡದ ಗಾರೆ ಕೆಲಸವನ್ನು ಒಪ್ಪಿಕೊಂಡ ಕಂಟ್ರಾಕ್ಟರು. ಉಂಡಿರಲಿ ಬಿಡಲಿ, ಬಾಯಲ್ಲೊಂದು ಹಲ್ಲುಕಡ್ಡಿ ಇರಲೇಬೇಕು. ಪ್ರತಿ ಶನಿವಾರ ಸಂಜೆ ಕೂಲಿ ಕೊಡುವಾಗ ಅವನು ಒಂದು ಪುಸ್ತಕ ತೆಗೆದು, "ಇಲ್ಲೊಂದು ಹಾಕಮ್ಮಾ, ಇಲ್ಲೊಂದು" ಅನ್ನುತ್ತಿದ್ದ. ಹೆಬ್ಬೆಟ್ಟಿನವರನ್ನೆಲ್ಲ ಒಂದು ಹಾಳೆಗೆ ಬಿಟ್ಟುಬಿಡುತ್ತಿದ್ದ. ಕರಣೆ ಅಕ್ಕನಿಗೆ ಮಾತ್ರ ನಾಲ್ಕು ಹಾಳೆ. ಅವಳು ಅದನ್ನು ಮರ್ಯಾದೆ ಅಂದುಕೊಂಡಿದ್ದಳು. ಹಾಳೆ ಖಾಲಿ ಇದ್ದದ್ದು ಅವಳಿಗೆ ಕಾಣಲಿಲ್ಲವೇ? ಕಂಡಿತ್ತು. ಆದರೆ ಓದಲು ಬಾರದವರಿಗೆ ಬರೆದ ಹಾಳೆಯೂ ಖಾಲಿ ಹಾಳೆಯೂ ಎರಡೂ ಒಂದೇ ಅಲ್ಲವೇ?

ಅವಳು ಆ ಸಂಜೆ ಸೀದಾ ಹಲ್ಲುಕಡ್ಡಿಯ ಸ್ಟೋರಿಗೆ ಹೋದಳು. ಸಿಮೆಂಟು ಮೂಟೆಗಳ ನಡುವೆ ಅವನ ಮೇಜು.

"ಸಾರ್, ನಾನು ಯಾವಾಗ ಸಬ್ ಕಂಟ್ರಾಕ್ಟರ್ ಆದೆ?"

ಅವನು ನಕ್ಕ. "ಅದೆಲ್ಲ ಕಾಗದದ ವ್ಯವಹಾರ ಕಣಮ್ಮಾ. ನಿನಗೆ ಅರ್ಥ ಆಗಲ್ಲ."

"ತೆರಿಗೆ ದುಡ್ಡು ಎಲ್ಲಿ ಸಾರ್?"

"ಖರ್ಚು ಇರುತ್ತೆ, ಮೇಲಿನವರು ಕೆಳಗಿನವರು ಅಂತ. ನೀನು ತಲೆ ಕೆಡಿಸ್ಕೋಬೇಡ. ಆಫೀಸಿನವರು ನಾಲ್ಕು ದಿನ ಬೊಗಳ್ತಾರೆ, ಸುಮ್ನಾಗ್ತಾರೆ. ಕೇಳಿದ್ರೆ ಸಿಮೆಂಟು ಮರಳು ನಾನೇ ತಂದು ಗಾರೆ ಮಾಡಿದ್ದು ಅಂತ ಹೇಳು. ಮಾಲು ಸಮೇತ ಮಾಡಿದ್ರೆ ತೆರಿಗೆ ಹಾಕ್ಬಹುದು. ಮುಗೀತು."

"ಸಿಮೆಂಟು ನಾನು ತಂದಿಲ್ಲವಲ್ಲ."

ಹಲ್ಲುಕಡ್ಡಿ ಬಾಯಿಂದ ಕಡ್ಡಿ ತೆಗೆದ. "ನೋಡು, ಮೂರನೇ ಅಂತಸ್ತಿದೆ. ಅದಾದ್ಮೇಲೆ ಇನ್ನೊಂದು ಕಡೆ ದೊಡ್ಡ ಕೆಲಸ ಇದೆ. ಎಂಟು ಜನರ ಹೊಟ್ಟೆ ನಿನ್ನ ಕೈಯಲ್ಲಿದೆ. ಯೋಚನೆ ಮಾಡಿ ಮಾತಾಡು."

ಕೋತಿ ತಾನು ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಈ ಕೋತಿ ಮೇಕೆಗೆ, ಹೌದು ತಿಂದೆ ಅಂತ ಒಪ್ಪಿಕೋ ಅನ್ನುತ್ತಿತ್ತು.

ಕರಣೆ ಅಕ್ಕನ ಮನೆ ಒಂದೇ ಕೋಣೆ. ಗೋಡೆಗೆ ಗಾರೆ ಇಲ್ಲ. ಊರಿಗೆಲ್ಲ ಗಾರೆ ಮೆತ್ತುವವರ ಮನೆಯ ಇಟ್ಟಿಗೆ ಹಾಗೇ ಬತ್ತಲೆ ನಿಂತಿದೆ. ರಾತ್ರಿ ಮೂವರೂ ಕೂತರು. ಏಳನೇ ಕ್ಲಾಸು ನೋಟೀಸನ್ನು ಮೂರನೇ ಸಲ ಓದಿ ಮಡಚಿಟ್ಟ.

"ಅವನು ಹೇಳಿದ ಹಾಗೇ ಹೇಳಿಬಿಡು ಕಣೇ. ಬಡವನ ಕೋಪ ದವಡೆಗೆ ಮೂಲ."

"ದವಡೆ ಇರೋದು ಬರೀ ಅಗಿಯೋದಕ್ಕಾ?"

"ಎಂಟು ಜನರ ಹೊಟ್ಟೆಪಾಡು ಕಣೇ."

"ಆ ಎಂಟು ಜನದ ಮುಂದೇನೇ ರೀ ನನ್ನ ಕಳ್ಳಿ ಅಂದದ್ದು."

ಅತ್ತೆ ಮೂಲೆಯಿಂದ ತನ್ನ ಮಾತ್ರೆ ಡಬ್ಬಿ ಎಳೆದು, ಮಾತ್ರೆಗಳ ಕೆಳಗಿನಿಂದ ಒಂದು ಚೀಟಿ ತೆಗೆದಳು.

"ಇದನ್ನ ಓದೋ, ಏಳನೇ ಕ್ಲಾಸು."

ಮಗ ಓದಿದ. "ಸಿಮೆಂಟು ಕೊಟ್ಟದ್ದು ನಾನೂರ ಹನ್ನೆರಡು ಮೂಟೆ. ಖಾಲಿ ಚೀಲ ವಾಪಸ್ ಬಂದದ್ದು ನಾನೂರ ಹನ್ನೊಂದು. ಒಂದು ಕಡಿಮೆ. ಸ್ಟೋರಿನ ಮಾಲು ಕದ್ದ ದಂಡ, ನೀರು ಹಾಕುವ ಮುದುಕಿಯ ಎರಡು ದಿನದ ಕೂಲಿ." ಕೆಳಗೆ ಹಲ್ಲುಕಡ್ಡಿಯ ಸೈನು.

ಮೂರು ತಿಂಗಳ ಹಿಂದಿನ ಮಾತು ಅದು. ಹಲ್ಲುಕಡ್ಡಿಯ ಸ್ಟೋರಿನಲ್ಲಿ ಒಂದು ನಿಯಮ ಇತ್ತು. ನಿನ್ನೆಯ ಖಾಲಿ ಚೀಲ ಎಣಿಸಿ ಕೊಟ್ಟರೆ ಮಾತ್ರ ಇವತ್ತಿನ ತುಂಬಿದ ಮೂಟೆ. ಸಿಮೆಂಟು ಕದ್ದು ಮಾರಬಾರದು ಅಂತ. ಅತ್ತೆಗೆ ಮೊಣಕಾಲು ನೋವು. ಮೊಣಕಾಲೂರಿ ಗೋಡೆಯ ಬುಡಕ್ಕೆ ನೀರು ಹಾಕುವಾಗ ಕೆಳಗಿರಲಿ ಅಂತ ಒಂದು ಹರಿದ ಚೀಲ ಮಡಚಿ ಇಟ್ಟುಕೊಂಡಿದ್ದಳು. ಲೆಕ್ಕದಲ್ಲಿ ಒಂದು ಕಡಿಮೆ ಬಂತು. ಊಟದ ಹೊತ್ತಿನಲ್ಲಿ ಎಲ್ಲರ ಎದುರು ಅವಳ ಬಟ್ಟೆ ಗಂಟು ಬಿಚ್ಚಿಸಿದ. ಒಳಬಟ್ಟೆಯನ್ನೂ ಬಿಡದೆ ಒಂದೊಂದಾಗಿ ಕೊಡವಿಸಿದ. ಚೀಲ ಸಿಕ್ಕಿತು. ಅದನ್ನು ಅವಳ ತಲೆಗೆ ಮುಸುಕು ಹಾಕಿ, ಗೇಟಿನ ಹತ್ತಿರ ಅರ್ಧ ದಿನ ನಿಲ್ಲಿಸಿದ. ಅರವತ್ತೆಂಟು ವರ್ಷದವಳನ್ನು! ಕರಣೆ ಅಕ್ಕ ಆ ದಿನ ಹಲ್ಲು ಕಚ್ಚಿ ಗಾರೆ ಮೆತ್ತಿದ್ದಳು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆಯೇ ಅಸಹ್ಯ.

"ಈ ಚೀಟಿ ಯಾಕೆ ಇಟ್ಕೊಂಡಿದ್ರಿ ಅತ್ತೆ?"

"ಒಂದಲ್ಲ ಒಂದು ದಿನ ಅವನ ಬಾಯಿಗೆ ತುರುಕೋಣ ಅಂತ." ಅತ್ತೆ ಡಬ್ಬಿ ಮುಚ್ಚಿದಳು. "ಸಿಮೆಂಟು ನಿಂದೇ ಆಗಿದ್ರೆ, ಖಾಲಿ ಚೀಲಕ್ಕೆ ನಾನ್ಯಾಕೆ ಕಳ್ಳಿಯಾದೆ? ಕೇಳು ಹೋಗಿ ಆಫೀಸಲ್ಲಿ."

ತೆರಿಗೆ ಆಫೀಸಿನಲ್ಲಿ ಎರಡು ದಿನ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಎರಡು ದಿನದ ಕೂಲಿ ಹೋಯಿತು. ಮೂರನೆಯ ದಿನ ಅಧಿಕಾರಿ ಮೇಡಂ ಎಲ್ಲರನ್ನೂ ಒಳಗೆ ಕರೆಸಿದರು. ಮೇಷ್ಟ್ರು ಒಂದು ಕುರ್ಚಿಯಲ್ಲಿ, ಹಲ್ಲುಕಡ್ಡಿ ಇನ್ನೊಂದು ಕುರ್ಚಿಯಲ್ಲಿ. ಮೂರನೆಯ ಕುರ್ಚಿಯ ಮೇಲೆ ಫೈಲುಗಳಿದ್ದವು. ಕರಣೆ ಅಕ್ಕ, ಏಳನೇ ಕ್ಲಾಸು, ಅತ್ತೆ ಮೂವರೂ ನಿಂತರು. ಫೈಲಿಗೆ ಕುರ್ಚಿ ಇತ್ತು, ಮುದುಕಿಗೆ ಇರಲಿಲ್ಲ.

"ಇದು ನಿಮ್ಮ ಸೈನೇ ತಾನೆ?"

"ನಂದೇ."

"ಹಾಗಾದ್ರೆ ಬಿಲ್ಲೂ ನಿಮ್ದೇ."

"ಅಲ್ಲ ಮೇಡಂ. ಸೈನ್ ಹಾಕೋವಾಗ ಹಾಳೆ ಖಾಲಿ ಇತ್ತು."

"ಖಾಲಿ ಹಾಳೆಗೆ ಯಾರಾದ್ರೂ ಸೈನ್ ಹಾಕ್ತಾರೇನಮ್ಮಾ?"

ಹಾಕುತ್ತಾರೆ ತಾಯಿ, ಹಾಕುತ್ತಾರೆ. ಶನಿವಾರ ಸಂಜೆ ಅಕ್ಕಿ ತರಬೇಕಾದವರು ಹಾಕುತ್ತಾರೆ. ಆರು ದಿನ ದುಡಿದ ಕೂಲಿ ಆ ಪುಸ್ತಕದ ಆಚೆಗೆ ಇದ್ದರೆ, ನೀವೂ ಹಾಕುತ್ತಿದ್ದಿರಿ. ಕರಣೆ ಅಕ್ಕ ಇದನ್ನೆಲ್ಲ ಹೇಳಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟಳು.

ಮೇಡಂ ಓದಿದರು. ಇನ್ನೊಮ್ಮೆ ಓದಿದರು. ಹಲ್ಲುಕಡ್ಡಿಯ ಕಡೆ ನೋಡಿದರು.

"ಸಿಮೆಂಟು ಇವರೇ ತಂದದ್ದು ಅಂತ ಬಿಲ್ಲಲ್ಲಿದೆ. ಇಲ್ಲಿ ನೋಡಿದ್ರೆ ನಿಮ್ಮ ಸ್ಟೋರಿಂದ ಕೊಟ್ಟಿದ್ದೀರಿ. ಖಾಲಿ ಚೀಲಕ್ಕೂ ದಂಡ ಹಾಕಿದ್ದೀರಿ. ಸಿಮೆಂಟು ಅಂಗಡಿಯಿಂದ ತಂದಾಗಲೇ ಅದಕ್ಕೆ ತೆರಿಗೆ ಕಟ್ಟಿ ಆಗಿರುತ್ತೆ. ಇವರದು ಬರೀ ಕೂಲಿ. ಕೂಲಿಗೆ ತೆರಿಗೆ ಇಲ್ಲ."

ಹಲ್ಲುಕಡ್ಡಿಯ ಮುಖ ಒಂದು ಗಳಿಗೆ ಬಿಳಿಚಿತು. ಅಷ್ಟೇ. ಇಂಥವರಿಗೆ ನೆಲ ಜಾರಿದರೂ ಕಾಲು ಜಾರುವುದಿಲ್ಲ.

"ಏನೋ ಲೆಕ್ಕದವರ ತಪ್ಪು ಮೇಡಂ. ದೊಡ್ಡದು ಮಾಡೋದು ಬೇಡ. ಮೇಷ್ಟ್ರಿಗೆ ದುಡ್ಡು ವಾಪಸ್ ಹೋಗಬೇಕು, ಅಷ್ಟೇ ತಾನೆ? ನಾನೇ ಕೊಡ್ತೀನಿ, ನಾಳೆನೇ. ಈಯಮ್ಮ ಒಂದು ತಿದ್ದುಪಡಿ ಬಿಲ್ಲಿಗೆ ಸೈನ್ ಹಾಕ್ಲಿ. 'ತಿಳಿಯದೆ ತೆರಿಗೆ ಹಾಕಿದ್ದೆ, ವಸೂಲಿ ಮಾಡಿದ್ದನ್ನ ವಾಪಸ್ ಕೊಟ್ಟಿದ್ದೇನೆ, ತಪ್ಪಾಯಿತು' ಅಂತ. ಎಲ್ಲರಿಗೂ ಒಳ್ಳೇದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗಲೇ ಟೈಪ್ ಮಾಡಿಸಿ ತಂದಿದ್ದ! ಹಾಳೆಯನ್ನು ಮೇಜಿನ ಮೇಲೆ ಹರಡಿ, ಜೇಬಿನಿಂದ ಪೆನ್ನು ತೆಗೆದಿಟ್ಟ. ಏಳನೇ ಕ್ಲಾಸು ಬಗ್ಗಿ ಅದನ್ನು ಓದಿ ಹೇಳಿದ. ಅವನು ಹೇಳಿದಂತೆಯೇ ಇತ್ತು. ವಸೂಲಿ ಮಾಡಿದವಳು ಅವಳು. ತಪ್ಪು ಮಾಡಿದವಳು ಅವಳು. ಕ್ಷಮೆ ಕೇಳುವವಳೂ ಅವಳೇ.

ಮೇಡಂ ಗಡಿಯಾರ ನೋಡಿದರು. "ಅದೂ ಒಂದು ದಾರಿ. ಮಾಲೀಕರಿಗೆ ಹಣ ಬರುತ್ತೆ, ನೋಟೀಸು ರದ್ದಾಗುತ್ತೆ. ಹಾಕೋದು ಬಿಡೋದು ನಿಮ್ಮಿಷ್ಟ. ನಾನು ಹಾಕಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇವರಿಂದ ಕಲಿಯಬೇಕು.

ಕರಣೆ ಅಕ್ಕ ಮೇಷ್ಟ್ರ ಕಡೆ ತಿರುಗಿದಳು.

"ಮೇಷ್ಟ್ರೇ, ನೀವು ಹೇಳಿ. ತೆರಿಗೆ ದುಡ್ಡು ಯಾರ ಕೈಗೆ ಕೊಟ್ರಿ? ನನ್ನ ಕೈಗಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಅದರಲ್ಲಿ ಧೂಳಿರಲಿಲ್ಲ. "ಅದು... ಈಗ ಯಾಕಮ್ಮಾ ಆ ಮಾತು? ಇವರು ವಾಪಸ್ ಕೊಡ್ತೀನಿ ಅಂತಿದ್ದಾರಲ್ಲ. ಒಂದು ಸೈನ್ ಹಾಕಿಬಿಟ್ರೆ ಎಲ್ಲ ಸುಸೂತ್ರ ಆಗುತ್ತೆ."

ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಅಂತ ಪಾಠ ಮಾಡಿದ ಬಾಯಿ ಅದು. ದುಡ್ಡು ಕಣ್ಣೆದುರು ಬಂದ ತಕ್ಷಣ ಸುಸೂತ್ರ ಅಂದಿತು. ಹಲ್ಲುಕಡ್ಡಿಯ ಮೋಸಕ್ಕಿಂತ ಆ ಮಾತು ಅವಳಿಗೆ ಹೆಚ್ಚು ಉರಿಯಿತು. ಮೋಸ ಮಾಡುವವನು ಮೋಸ ಮಾಡುತ್ತಾನೆ, ಅದು ಅವನ ಕಸುಬು. ಗೊತ್ತಿದ್ದೂ ಕನ್ನಡಕ ಒರೆಸುವವರನ್ನು ಏನು ಮಾಡುವುದು?

ಏಳನೇ ಕ್ಲಾಸು ಅವಳ ಮೊಣಕೈ ಮುಟ್ಟಿದ. "ಹಾಕಿಬಿಡು ಕಣೇ. ಮನೆಗೆ ಹೋಗೋಣ."

ಅವಳು ಪೆನ್ನು ತೆಗೆದುಕೊಂಡಳು. ಕೋಣೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ಹಲ್ಲುಕಡ್ಡಿ ಹೊಸ ಕಡ್ಡಿಯೊಂದನ್ನು ಬಾಯಿಗಿಟ್ಟ. ಅವಳು ಪೆನ್ನಿಗೆ ಕ್ಯಾಪು ಹಾಕಿ ಅವನ ಎದುರಿಗೆ ಸರಿಸಿದಳು.

"ಹಾಕಲ್ಲ."

"ಏನಮ್ಮಾ?"

"ಹಾಕಲ್ಲ ಅಂದೆ. ಮೇಡಂ, ನಮ್ಮ ಕೆಲಸದಲ್ಲೂ ತಿದ್ದೋದು ಇದೆ. ಗಾರೆ ಒಳಗೆ ಟೊಳ್ಳಾಗಿದ್ರೆ ಮೇಲೆ ಬಣ್ಣ ಬಳಿಯಲ್ಲ. ಇಟ್ಟಿಗೆ ಕಾಣೋ ತನಕ ಕೆತ್ತಿ ಹಾಕ್ತೀವಿ. ದುಡ್ಡು ತಗೊಂಡವನ ಹೆಸರಲ್ಲಿ ತಿದ್ದಿ. ತಗೊಳ್ಳದೇ ಇರೋಳ ಹೆಸರಲ್ಲಿ ತಿದ್ದಿದ್ರೆ ಅದು ತಿದ್ದಿದ್ದಲ್ಲ, ಇನ್ನೊಂದು ಸುಳ್ಳು. ನಾನು ತಪ್ಪು ಮಾಡಿದ್ದೀನಿ, ಖಾಲಿ ಹಾಳೆಗೆ ಸೈನ್ ಹಾಕಿದ್ದೀನಿ. ಅದನ್ನ ಬರೀರಿ, ಹಾಕ್ತೀನಿ. ಕದ್ದಿಲ್ಲ. ಅದಕ್ಕೆ ಕತ್ತು ಕುಯ್ದರೂ ಹಾಕಲ್ಲ."

ಮೇಡಂ ಮೊದಲ ಸಲ ಅವಳ ಮುಖ ನೋಡಿದರು. ಆಮೇಲೆ ಫೈಲು ಮುಚ್ಚಿದರು.

"ಹಾಗಾದ್ರೆ ಕೇಳಿ. ಮಾಲೀಕರು ದುಡ್ಡು ಯಾರಿಗೆ ಕೊಟ್ಟೆ ಅಂತ ಬರೆದುಕೊಟ್ರೆ ನಾನು ನೋಟೀಸನ್ನ ಈ ಕಂಟ್ರಾಕ್ಟರ್ ಮೇಲೆ ತಿರುಗಿಸ್ತೀನಿ. ಇಲ್ಲ ಅಂದ್ರೆ ಅದು ನಿಮ್ಮ ಮೇಲೇ ಇರುತ್ತೆ. ಇನ್ನು ಹನ್ನೆರಡು ದಿನ ಇದೆ."

ಮೇಷ್ಟ್ರು ಕೊಡೆ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಟುಹೋದರು. ಮೆಟ್ಟಿಲ ಮೇಲೆ ಹಲ್ಲುಕಡ್ಡಿ ಅವಳನ್ನು ಅಡ್ಡಗಟ್ಟಿದ.

"ಇವತ್ತೊಂದಿನ ಮಾಡು. ನಾಳೆಯಿಂದ ಈ ಊರಲ್ಲಿ ನಿನಗೆ ಒಂದು ಗೋಡೆನೂ ಸಿಗಲ್ಲ."

"ತಲೆ ಚಚ್ಕೊಳ್ಳೋಕೆ ನಿನಗೆ ಒಂದು ಗೋಡೆ ಉಳಿಸ್ಕೋ ಮಗಾ," ಅಂದಳು ಅತ್ತೆ.

ಆ ಮಧ್ಯಾಹ್ನ ಎಂಟು ಜನ ಸೇರಿ ಮೂರನೆಯ ಅಂತಸ್ತಿನ ಮುಂದಿನ ಗೋಡೆ ಮುಗಿಸಿದರು. ಒಂದು ಮಾತೂ ಇಲ್ಲದೆ ಇಷ್ಟು ದೊಡ್ಡ ಗೋಡೆ ಮುಗಿದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಗೇಟಿಗೆ ಬೀಗ. ಒಳಗೆ ಹಲ್ಲುಕಡ್ಡಿ. ಹೊರಗೆ, ಸಲಿಕೆ ಬಾಂಡ್ಲಿ ಹಿಡಿದು ಬಂದ ಬೇರೊಂದು ತಂಡ, ಆರು ಜನ. ಪಾಪ, ಅವರದೇನು ತಪ್ಪು? ಕೆಲಸ ಇದೆ ಅಂದರು, ಬಂದರು. ನಮ್ಮ ಎಂಟು ಜನರನ್ನು ನೋಡಿ ಅವರ ಮುಖ ಚಿಕ್ಕದಾಯಿತು. ನಮ್ಮವರಲ್ಲೂ ಕೆಲವರು ಕರಣೆ ಅಕ್ಕನ ಕಡೆ ನೋಡಲಿಲ್ಲ. ಬಾಂಡ್ಲಿ ಹೊರುವವಳು ಗೊಣಗಿದಳು: "ನಿನ್ನ ಮರ್ಯಾದೆ ಉಳೀತು ಅಕ್ಕಾ. ನನ್ನ ಒಲೆ?" ಆ ಮಾತು ನಿಜವಾಗಿತ್ತು.

ಹಲ್ಲುಕಡ್ಡಿ ಬೀಗ ತೆಗೆಯುವ ಮೊದಲು ಗೇಟಿನ ಕಂಬಿಗಳ ನಡುವಿನಿಂದ ಪುಸ್ತಕ ಚಾಚಿದ.

"ನಿಮ್ಮಲ್ಲಿ ಸೈನ್ ಮಾಡೋಕೆ ಬರೋರು ಯಾರು?"

ಹೊಸ ತಂಡದ ಎತ್ತರದ ಗಾರೆಯವನು ಮುಂದೆ ಬಂದು ಪೆನ್ನು ತೆಗೆದುಕೊಂಡ. ಅವನ ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಕಂಡಿತು. ಕರಣೆ ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿದ್ದ ಹೆಮ್ಮೆ. ಅವಳು ಗೇಟಿನ ಕಡೆ ನುಗ್ಗಿದಳು.

"ಅಣ್ಣಾ! ಹಾಳೆ ನೋಡು! ಖಾಲಿ ಹಾಳೆಗೆ ನಾನು ಸೈನ್ ಹಾಕಿದ್ದಕ್ಕೆ ಇವತ್ತು ಒಂದು ಲಕ್ಷ ಎಂಬತ್ತು ಸಾವಿರದ ಕಳ್ಳಿಯಾಗಿ ನಿಂತಿದ್ದೀನಿ!"

"ಬಾಯಿ ಮುಚ್ಚೇ!" ಹಲ್ಲುಕಡ್ಡಿ ಒಳಗಿನಿಂದ ಗೇಟು ಗುದ್ದಿದ.

ಎತ್ತರದವನು ಹಾಳೆ ನೋಡಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ.

"ಇದರಲ್ಲಿ ಏನೂ ಬರ್ದಿಲ್ಲವಲ್ಲ ಸಾರ್?"

"ಆಮೇಲೆ ಬರೀತೀನಪ್ಪಾ, ಹಾಕು."

"ಹಂಗಾದ್ರೆ ಸೈನೂ ಆಮೇಲೇ ಹಾಕ್ತೀನಿ ಬಿಡಿ."

ಪೆನ್ನನ್ನು ಕಂಬಿಯ ಒಳಗೆ ವಾಪಸ್ ತೂರಿದ. ಸಲಿಕೆ ಕೆಳಗೆ ಹಾಕಿ, ಕರಣೆ ಅಕ್ಕನ ತಂಡದ ಪಕ್ಕದಲ್ಲೇ ಬಂದು ಕೂತ. ಅವನ ಹಿಂದೆ ಉಳಿದ ಐವರು. ಬಾಂಡ್ಲಿ ಹೊರುವವಳ ಗೊಣಗಾಟ ನಿಂತಿತು. ಅವಳು ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿದಳು.

ಬಿಸಿಲು ಏರಿತು. ನಿನ್ನೆ ಮೆತ್ತಿದ ಗಾರೆಗೆ ಇವತ್ತು ಬೆಳಿಗ್ಗೆಯಿಂದಲೇ ನೀರು ಬೀಳಬೇಕು. ಬೀಳದಿದ್ದರೆ ಗೋಡೆ ಬಿರಿಯುತ್ತದೆ. ಕೆಳಗಿನಿಂದಲೇ ಕಾಣುತ್ತಿತ್ತು. ಮೂರನೆಯ ಅಂತಸ್ತಿನ ಗೋಡೆ ಅಂಚಿನಿಂದ ಬೆಳ್ಳಗಾಗುತ್ತ ಬರುತ್ತಿತ್ತು. ಅತ್ತೆಯ ಕಾಲು ನಿಲ್ಲುತ್ತಿರಲಿಲ್ಲ. ಅದು ಕರಣೆ ಅಕ್ಕನ ಕೈಯ ಗೋಡೆ. ಆದರೂ ಅವಳು ಏಳಲಿಲ್ಲ.

ಯಾರು ಸುದ್ದಿ ಮುಟ್ಟಿಸಿದರೋ, ಮೇಷ್ಟ್ರು ಓಡೋಡಿ ಬಂದರು. ಕೊಡೆ ಇರಲಿಲ್ಲ. ಗೇಟಿನ ಮುಂದೆ ಹದಿನಾಲ್ಕು ಜನ ಕೂತಿದ್ದಾರೆ, ಮೇಲೆ ಗೋಡೆ ಒಣಗುತ್ತಿದೆ.

"ಏನಮ್ಮಾ ಇದು! ನೀರು ಹಾಕೋರು ಯಾರು? ಗೋಡೆ ಬಿರಿಯುತ್ತೆ!"

"ಬಿರಿಯುತ್ತೆ ಮೇಷ್ಟ್ರೇ."

"ನೀರಾದ್ರೂ ಹಾಕಿ. ಕೈ ಮುಗೀತೀನಿ. ನನ್ನ ಜೀವಮಾನದ ದುಡ್ಡು ಅದು."

"ನನ್ನ ಜೀವಮಾನದ ಹೆಸರು ಮೇಷ್ಟ್ರೇ. ನಿಮ್ಮ ದುಡ್ಡು ಯಾರ ಕೈಗೆ ಹೋಯ್ತು ಅಂತ ನಿಮಗೆ ಗೊತ್ತು. ನಿನ್ನೆ ಹೇಳಲಿಲ್ಲ. ಇವತ್ತು ಹೇಳಿ."

ಗೇಟಿನ ಒಳಗಿಂದ ಹಲ್ಲುಕಡ್ಡಿ ಮೆತ್ತಗೆ ಅಂದ: "ಮೇಷ್ಟ್ರೇ, ಇವರ ಮಾತು ಕಟ್ಕೋಬೇಡಿ. ಸಂಜೆ ನಿಮ್ಮ ದುಡ್ಡು ತಂದುಕೊಡ್ತೀನಿ."

ಮೇಷ್ಟ್ರು ಗೇಟಿನ ಕಡೆ ನೋಡಿದರು. ಮೇಲೆ ಗೋಡೆಯ ಕಡೆ ನೋಡಿದರು. ಆಮೇಲೆ ಕೂತಿದ್ದ ಹದಿನಾಲ್ಕು ಜನರನ್ನು ನೋಡಿದರು. ಕಾಲ ಬೆರಳು ನೋಡುತ್ತ, ತುಟಿಯೊಳಗೇ ಅಂದರು:

"ಇವನಿಗೇ... ಇವನ ಕೈಗೇ ಕೊಟ್ಟೆ."

"ಕೇಳಿಸ್ಲಿಲ್ಲ ಮೇಷ್ಟ್ರೇ," ಅಂದಳು ಅತ್ತೆ. "ನನಗೆ ಕಿವಿ ಮಂದ."

ಮುದುಕಿಯ ಕಿವಿ ಎಂಥದ್ದು ಅಂತ ಅವಳ ಸೊಸೆಗೆ ಗೊತ್ತು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೆ ಇವಳು ಇಲ್ಲಿಂದ ತೀರ್ಪು ಕೊಡುತ್ತಾಳೆ. ಯಾರೂ ನಗಲಿಲ್ಲ.

ಮೇಷ್ಟ್ರು ತಲೆ ಎತ್ತಿದರು. ಕೊನೆಯ ಬೆಂಚಿಗೂ ಕೇಳಬೇಕು ಅನ್ನುವ ಹಾಗೆ ಕೂಗಿ ಹೇಳಿದರು.

"ತೆರಿಗೆ ದುಡ್ಡು ನಾನು ಕೊಟ್ಟದ್ದು ಈ ಕಂಟ್ರಾಕ್ಟರನ ಕೈಗೆ! ಈಯಮ್ಮನಿಗೆ ಒಂದು ಕಾಸೂ ಕೊಟ್ಟಿಲ್ಲ! ಗೊತ್ತಿದ್ದೂ ಕಳ್ಳಿ ಅಂದೆ!"

ಬೀದಿಯ ಆಚೆಯ ಅಂಗಡಿಯವರು ಹೊರಗೆ ಬಂದು ನಿಂತರು. ಗೇಟಿನ ಒಳಗೆ ಹಲ್ಲುಕಡ್ಡಿಯ ಹೆಜ್ಜೆಗಳು ಸ್ಟೋರಿನ ಕಡೆಗೆ ಸರಿದವು. ಏಳನೇ ಕ್ಲಾಸು ಅಳುತ್ತಿದ್ದ. ಮೇಷ್ಟ್ರು ನೀರು, ನೀರು ಅನ್ನುತ್ತ ಮೇಲಕ್ಕೆ ಕೈ ತೋರಿಸಿದರು.

ಕರಣೆ ಅಕ್ಕ ಎದ್ದು ನಿಂತಳು. ನೋಟೀಸಿನ ಹಾಳೆಯ ಖಾಲಿ ಹಿಂಬದಿಯನ್ನು ಅವರ ಮುಂದೆ ಹಿಡಿದಳು.

"ಹೇಳಿದ್ದನ್ನೇ ಬರೀರಿ ಮೇಷ್ಟ್ರೇ. ಬರೆದು, ಎಲ್ಲರಿಗೂ ಓದಿ ಹೇಳಿ. ಕೆಳಗೆ ನಿಮ್ಮ ಸೈನ್ ಹಾಕಿ. ಆಮೇಲೆ ಗೋಡೆಗೆ ನೀರು."